ಟೂರಿಂಗ್ ಬೈಕಿನ ಹಿಂದಿನ ಡಿಕ್ಕಿ ಬಿಚ್ಚಿಡುವಂತಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಲೇತ್ ನಡೆಸುವವನು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಪಂಪಿನ ಶಾಫ್ಟ್, ಬುಷ್, ಹೈಡ್ರಾಲಿಕ್ ಸಿಲಿಂಡರಿನ ಸಣ್ಣಪುಟ್ಟ ಭಾಗ, ಹೀಗೆ ಬಂದದ್ದನ್ನು ಮಾಡಿಕೊಡುತ್ತೇನೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ದೂರ ಪ್ರಯಾಣದ ಟೂರಿಂಗ್ ಬೈಕಿನ ಹಿಂದೆ ಸಾಮಾನಿಡಲು ಕೂರಿಸುವ ಪೆಟ್ಟಿಗೆ, ಅಂದರೆ ಡಿಕ್ಕಿಯ ಬಗ್ಗೆ ಈ ಪತ್ರ. ಪತ್ರ ಉದ್ದವಾಯಿತು ಅನಿಸಿದರೆ ಕತ್ತರಿಸಿಕೊಳ್ಳಿ. ಆದರೆ ಬೋಲ್ಟ್, ವೈರು ಮತ್ತು ನಂಬರ್ ಪ್ಲೇಟಿನ ವಿಷಯ ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಈ ಮಳೆಗಾಲದಲ್ಲಿ ಒಂದು ಭಾನುವಾರ ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೊರಟಿದ್ದೆ. ರಸ್ತೆ ಬದಿಗೆ ಒಂದು ಟೂರಿಂಗ್ ಬೈಕ್ ನಿಂತಿತ್ತು. ಹಿಂದಿನ ಡಿಕ್ಕಿ ಕ್ಯಾರಿಯರ್ ಸಮೇತ ಎಡಕ್ಕೆ ವಾಲಿ, ಬ್ರೇಕ್ ಲೈಟಿನ ವೈರಿಗೆ ಜೋತು ಬಿದ್ದಿತ್ತು. ಚಿಕ್ಕ ವಯಸ್ಸಿನ ಗಂಡ ಹೆಂಡತಿ. ಆ ಹೆಣ್ಣುಮಗಳು ಮಳೆಯಲ್ಲಿ ನಿಂತು ಎರಡೂ ಕೈಯಿಂದ ಡಿಕ್ಕಿ ಎತ್ತಿ ಹಿಡಿದಿದ್ದಳು. ಆತ ಹಗ್ಗ ಹುಡುಕುತ್ತಿದ್ದ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರು. ಘಾಟಿನ ತಿರುವುಗಳು ಇನ್ನೂ ಮುಂದೆ ಇದ್ದವು.

ನಾನು ಗಾಡಿ ನಿಲ್ಲಿಸಿ ಮುರಿದ ಜಾಗ ನೋಡಿದೆ. ಪೈಪ್ ಮುರಿದದ್ದು ವೆಲ್ಡಿಂಗಿನ ಅಂಚಿಗೇ. ಮುರಿದ ಮುಖದಲ್ಲಿ ಮುಕ್ಕಾಲು ಭಾಗ ತುಕ್ಕು ಹಿಡಿದು ಕಂದಾಗಿತ್ತು. ಕಾಲು ಭಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಲೋಹದ ಕೆಲಸ ಮಾಡುವವರಿಗೆ ಇದರ ಅರ್ಥ ಗೊತ್ತು. ಬಿರುಕು ಅವತ್ತು ಬಿಟ್ಟದ್ದಲ್ಲ. ಎಷ್ಟೋ ತಿಂಗಳಿಂದ ಒಳಗೊಳಗೇ ಬೆಳೆಯುತ್ತಿತ್ತು, ಮಳೆ ನೀರು ಅದರೊಳಗೆ ಹೋಗಿ ತುಕ್ಕು ಹಿಡಿದಿತ್ತು. ಕೊನೆಗೆ ಉಳಿದ ಕಾಲು ಭಾಗ ಅವತ್ತಿನ ಒಂದು ಗುಂಡಿಗೆ ಸೋತಿತು. ಡಿಕ್ಕಿ ಖಾಲಿ ಮಾಡಿಸಿದೆವು. ಹಳೆ ಟ್ಯೂಬಿನ ಪಟ್ಟಿಯಿಂದ ಬಿಗಿದು, ಸಾಮಾನು ಬೆನ್ನಿನ ಚೀಲಕ್ಕೆ ಹಾಕಿಸಿ, ವಾಪಸ್ ಬೆಳಗಾವಿಗೆ ಕಳಿಸಿದೆ. ಅವರು ಬಚಾವಾದರು. ಆದರೆ ಅದೇ ಡಿಕ್ಕಿ ಘಾಟಿನ ತಿರುವಿನಲ್ಲಿ ಕಳಚಿ, ಹಿಂದೆ ಬರುವ ಇನ್ನೊಂದು ಬೈಕಿನ ಮುಂದೆ ಬಿದ್ದಿದ್ದರೆ? ಅವತ್ತಿನಿಂದ ಇದೇ ನನ್ನ ತಲೆಯಲ್ಲಿದೆ.

ರೈಡರ್‌ಗಳು ಅದನ್ನು ಟಾಪ್ ಬಾಕ್ಸ್ ಅನ್ನುತ್ತಾರೆ. ನಮ್ಮ ಕಡೆ ಡಿಕ್ಕಿ ಅಂದರೆ ಸಾಕು. ನಾನು ಹೇಳುವುದು ಇಷ್ಟು: ಟೂರಿಂಗ್ ಬೈಕಿನ ಈ ಡಿಕ್ಕಿ ಬೇಕಾದಾಗ ಕೂರಿಸಿ, ಬೇಡವಾದಾಗ ಎರಡು ನಿಮಿಷದಲ್ಲಿ ತೆಗೆದಿಡುವಂತಿರಬೇಕು. ಕಾಯಂ ಆಗಿ ಬೋಲ್ಟ್ ಹೊಡೆದು, ವೆಲ್ಡ್ ಮಾಡಿ ಬಿಡಬಾರದು. ತೆಗೆಯಲು ಬರುವ ವಸ್ತುವನ್ನು ಮನುಷ್ಯ ಕೈಯಲ್ಲಿ ಹಿಡಿದು ನೋಡುತ್ತಾನೆ. ಕೆಳಗಿನ ಬ್ರಾಕೆಟ್ ಕಣ್ಣಿಗೆ ಬೀಳುತ್ತದೆ, ಬಿರುಕು ಸಣ್ಣದಿದ್ದಾಗಲೇ ಗೊತ್ತಾಗುತ್ತದೆ. ಕಾಯಂ ಕೂತದ್ದನ್ನು ಯಾರೂ ಬಗ್ಗಿ ನೋಡುವುದಿಲ್ಲ.

ಇದನ್ನು ನಾನು ಕಲಿತದ್ದು ಮನೆಯಲ್ಲೇ. 2019ರಲ್ಲಿ ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕ್ ತಗೊಂಡೆ. ಮೊದಲಿನ ಮಾಲೀಕರು ಅದಕ್ಕೆ ದೊಡ್ಡ ಡಿಕ್ಕಿ ಹಾಕಿಸಿದ್ದರು. ಖಾಲಿ ಡಿಕ್ಕಿಯೇ ಒಂಬತ್ತು ಕಿಲೋ. ಒಳಗಿನಿಂದ ನಾಲ್ಕು ಬೋಲ್ಟ್, ಕೆಳಗೆ ವೆಲ್ಡ್ ಮಾಡಿದ ಕ್ಯಾರಿಯರ್. ಅದರ ಮುಂಭಾಗಕ್ಕೆ ಮೆತ್ತನೆಯ ದಿಂಬು ಇತ್ತು, ಹಿಂದೆ ಕೂತವರು ಒರಗಲಿಕ್ಕೆ. ನನ್ನ ಹೆಂಡತಿಗೆ ಅದು ಬಹಳ ಹಿಡಿಸಿತು. ಕೂಡಲಸಂಗಮ, ಬಾದಾಮಿ, ಪಟ್ಟದಕಲ್ಲು ಎಲ್ಲ ಅದೇ ಬೈಕಿನಲ್ಲಿ ತಿರುಗಿ ಬಂದೆವು.

2021ರ ದೀಪಾವಳಿಗೆ ಸ್ವಲ್ಪ ಮೊದಲು ಅಪ್ಪನನ್ನು ಕಣ್ಣು ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಅಪ್ಪನಿಗೆ ಆಗ ಎಪ್ಪತ್ತೆಂಟು. ಧೋತರ ಉಡುವವರು. ಡಿಕ್ಕಿ ಇರುವ ಬೈಕಿಗೆ ಹಿಂದಿನಿಂದ ಕಾಲು ಹಾಕಲು ಜಾಗವಿಲ್ಲ. ನನ್ನ ಬೆನ್ನಿಗೂ ಡಿಕ್ಕಿಗೂ ನಡುವಿನ ಒಂದು ಮೊಳ ಜಾಗದಲ್ಲಿ ಕಾಲು ಎತ್ತಿ ದಾಟಿಸಬೇಕು. "ಬ್ಯಾಡೋ ತಮ್ಮಾ, ನಾ ಆಟೋದಾಗ ಬರ್ತೀನಿ" ಅಂದರು. ಹತ್ತು ನಿಮಿಷದ ದಾರಿ, ಬನ್ನಿ ಅಂದೆ. ಅವರು ಕಾಲು ಎತ್ತಿದರು. ಧೋತರದ ಚುಂಗು ಡಿಕ್ಕಿಯ ಬೀಗದ ಮೂಲೆಗೆ ಸಿಕ್ಕಿತು. ಅಂಗಳದ ಕಲ್ಲಿನ ಮೇಲೆ ಎಡಗೈ ಊರಿ ಬಿದ್ದರು. ಮೂಳೆ ಮುರಿಯಲಿಲ್ಲ, ಮಣಿಕಟ್ಟು ಊದಿಕೊಂಡಿತು. ಮೂರು ವಾರ ಊಟವನ್ನು ಅಮ್ಮ ಕಲಸಿ ಕೊಟ್ಟರು, ಯಾಕೆಂದರೆ ಅಪ್ಪ ಎಡಚರು. ಮೂರು ವಾರವೂ ನಾನು ಆ ತಟ್ಟೆಯ ಕಡೆ ನೋಡದೆ ಊಟ ಮಾಡಿದೆ.

ಅವತ್ತು ರಾತ್ರಿ ಹೆಂಡತಿ ಕೇಳಿದಳು, "ಊರಾಗ ಅಡ್ಡಾಡುವಾಗ ಅದನ್ನ ಬಿಚ್ಚಿ ಮನ್ಯಾಗ ಇಡಾಕ ಬರಂಗಿಲ್ಲೇನ್ರಿ? ನೀವ ಲೇತ್ ಮ್ಯಾಲ ಏನೇನೋ ಮಾಡ್ತೀರಿ." ಹೌದಲ್ವಾ? ಜನರಿಗೆಲ್ಲ ಮಾಡಿಕೊಡುತ್ತೇನೆ, ಇದನ್ನು ಯಾಕೆ ಮಾಡಿರಲಿಲ್ಲ ಅಂತ ನನಗೇ ಅನಿಸಿತು.

ಈ ಯೋಚನೆ ನನ್ನದೇ ಹೊಸದೇನಲ್ಲ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ದೊಡ್ಡ ಬೈಕುಗಳಿಗೆ ಟೂರ್ ಪ್ಯಾಕ್ ಎಂಬ ಹಿಂದಿನ ಡಿಕ್ಕಿ ಇರುತ್ತದೆ. ಅದನ್ನು ಬಿಚ್ಚಿ ಹಾಕಲು ಬರುವ ರ‍್ಯಾಕನ್ನು ಕಂಪನಿಯೇ ಮಾರುತ್ತದೆ. ಹೋಂಡಾದವರು 2013ರಲ್ಲಿ ಗೋಲ್ಡ್ ವಿಂಗ್ ಎಂಬ ತಮ್ಮ ದೊಡ್ಡ ಟೂರಿಂಗ್ ಬೈಕಿನ ಡಿಕ್ಕಿ ಇಲ್ಲದ ರೂಪವನ್ನು ಎಫ್6ಬಿ ಅಂತ ಬೇರೆಯಾಗಿಯೇ ತಂದರು. ಡಿಕ್ಕಿ ಎಲ್ಲರಿಗೂ ಎಲ್ಲ ದಿನವೂ ಬೇಡ ಅನ್ನುವುದು ಅವರಿಗೂ ಗೊತ್ತು. ಇಟಲಿಯ ಗಿವಿ, ಸ್ಪೇನಿನ ಶಾಡ್ ಇವರ ಬಾಕ್ಸ್‌ಗಳು ಕೀ ಹಾಕಿ ಬಿಡಿಸಿದರೆ ತಳದ ಪ್ಲೇಟಿನಿಂದ ಕಳಚಿ ಬರುತ್ತವೆ. ನಮ್ಮಲ್ಲಿ ತೊಂದರೆ ಇರುವುದು ಊರಲ್ಲೇ ಮಾಡಿಸಿದ, ಕಡಿಮೆ ಬೆಲೆಗೆ ಕೂರಿಸಿದ ಡಿಕ್ಕಿಗಳಲ್ಲಿ. ರಸ್ತೆ ಮೇಲೆ ಜಾಸ್ತಿ ಕಾಣುವುದೂ ಅವೇ.

ಭಾರದ ಲೆಕ್ಕ ಒಂದು ಹೇಳುತ್ತೇನೆ. ಎರಡು ಗಾಲಿಗಳ ನಡುವೆ ಒಂದೂವರೆ ಮೀಟರ್ ಅಂತರ ಇದೆ ಅಂದುಕೊಳ್ಳಿ. ಸಾಮಾನು ಸೇರಿ ಡಿಕ್ಕಿಯ ಭಾರ 15 ಕಿಲೋ. ಆ ಭಾರ ಹಿಂದಿನ ಆಕ್ಸಲ್‌ನಿಂದ 30 ಸೆಂಟಿಮೀಟರ್ ಹಿಂದೆ ಕೂತಿದೆ. ಆಗ ಹಿಂದಿನ ಗಾಲಿಯ ಮೇಲೆ ಬೀಳುವುದು 15 ಅಲ್ಲ, 18 ಕಿಲೋ. ಆ ಮೂರು ಕಿಲೋ ಬಂದದ್ದು ಮುಂದಿನ ಗಾಲಿಯಿಂದ. ತಕ್ಕಡಿಯ ಕಡ್ಡಿ ಇದ್ದ ಹಾಗೆ. ಹಿಂದೆ ಒತ್ತಿದಷ್ಟು ಮುಂದೆ ಹಗುರ. ಮೂರು ಕಿಲೋ ಏನು ಮಹಾ ಅನ್ನಬೇಡಿ. ಡಿಕ್ಕಿ ಸೀಟಿಗಿಂತ ಎತ್ತರದಲ್ಲಿದೆ, ಗಾಳಿಗೆ ಎದೆ ಕೊಟ್ಟು ನಿಂತಿದೆ. ನಿಪ್ಪಾಣಿ ಕಡೆ ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ದಾಟಿದಾಗ ಹ್ಯಾಂಡಲ್ ಸಣ್ಣಗೆ ಆಡುವುದು ಈ ಕಾರಣಕ್ಕೆ. ಗಿವಿಯವರು ತಮ್ಮ ಮೊನೊಕೀ ಎಂಬ ಹೆಸರಿನ ಡಿಕ್ಕಿಗೆ ಹಾಕಿರುವ ಮಿತಿ 10 ಕಿಲೋ, ವೇಗ ಗಂಟೆಗೆ 120 ಕಿಲೋಮೀಟರ್. ಅಷ್ಟು ಅನುಭವ ಇರುವವರೇ ಹತ್ತು ಕಿಲೋ ಅಂದರೆ, ನಾವು ಜೋಳದ ಹಿಟ್ಟು, ಕಾಯಿ, ಟೂಲ್ ಬ್ಯಾಗ್ ಎಲ್ಲ ತುಂಬುವುದು ಸರಿಯಲ್ಲ. ಡಿಕ್ಕಿ ಸದಾ ಇದ್ದರೆ ಸದಾ ತುಂಬಿರುತ್ತದೆ. ನನ್ನದರಲ್ಲಿ ಒಂದು ಸಲ ಮೂರು ತಿಂಗಳ ಹಳೆಯ ಬೇರಿಂಗ್ ಡಬ್ಬಿ ಸಿಕ್ಕಿತು, ನಾಲ್ಕು ಕಿಲೋ.

ಈಗ ನಾನು ಮಾಡಿದ್ದು. ಮೊದಲು ಹಳೆ ಕ್ಯಾರಿಯರ್ ಪೂರ್ತಿ ತೆಗೆದೆ. ಚಾಸಿಗೆ, ಅಂದರೆ ಬೈಕಿನ ಮೂಲ ಚೌಕಟ್ಟಿಗೆ, ಒಂದು ಚುಕ್ಕೆ ವೆಲ್ಡಿಂಗ್ ಕೂಡ ಮಾಡಬಾರದು ಅಂತ ತೀರ್ಮಾನಿಸಿದ್ದೆ. ವೆಲ್ಡಿಂಗಿನ ಶಾಖಕ್ಕೆ ಪಕ್ಕದ ಪೈಪಿನ ಗುಣವೇ ಬದಲಾಗುತ್ತದೆ, ಆಮೇಲೆ ಅದೇ ಅಂಚಿಗೆ ಬಿರುಕು ಬಿಡುತ್ತದೆ. ಜಾಂಬೋಟಿ ದಾರಿಯಲ್ಲಿ ನೋಡಿದ್ದೂ ಅದನ್ನೇ. ಬೈಕಿನ ಹಿಂದಿನ ಹಿಡಿಕೆ ಕೂರುವ ಕಡೆ ಕಂಪನಿಯವರೇ ಕೊಟ್ಟ ನಾಲ್ಕು ಬೋಲ್ಟ್ ತೂತು ಇದ್ದವು. ಅವುಗಳಿಗೇ ಎರಡು ಬದಿಯ ಪಟ್ಟಿ ಕೂರಿಸಿದೆ. ಬೋಲ್ಟ್ 8 ಮಿಲಿಮೀಟರಿನವು, ತಲೆಯ ಮೇಲೆ 8.8 ಅಂತ ಅಚ್ಚು ಇರುವವು. ಆ ಅಚ್ಚು ನೋಡಿ ತಗೊಳ್ಳಿ. ಅಚ್ಚಿಲ್ಲದ ಮೆತ್ತನೆ ಬೋಲ್ಟ್ ಅರ್ಧ ಬೆಲೆಗೆ ಸಿಗುತ್ತದೆ, ಈ ಕೆಲಸಕ್ಕೆ ಬೇಡ.

ಆ ಪಟ್ಟಿಗಳ ಮೇಲೆ ನಾಲ್ಕು ಬುಷ್, ಅಂದರೆ ದುಂಡನೆಯ ಲೋಹದ ತುಂಡು. ಇಎನ್8 ಎಂಬ ಉಕ್ಕಿನಲ್ಲಿ ಲೇತ್ ಮೇಲೆ ಕಡೆದದ್ದು. ಪ್ರತಿಯೊಂದಕ್ಕೂ ನಡುವೆ ಸುತ್ತಲೂ ಒಂದು ತೋಡು. ಬಾವಿಯ ಗಾಲಿಗೆ ಹಗ್ಗ ಕೂರಲು ಇರುತ್ತದಲ್ಲ, ಹಾಗೆ. ಡಿಕ್ಕಿಯ ತಳದ ಚೌಕಟ್ಟಿನಲ್ಲಿ ಮುಂದೆ ಎರಡು ಬಾಯಿ ತೆರೆದ ಕೊಕ್ಕೆ, ಹಿಂದೆ ಎರಡು ತಿರುಗುವ ಚಿಲಕ. ಡಿಕ್ಕಿಯನ್ನು ಹಿಂದಿನಿಂದ ಸ್ವಲ್ಪ ಎತ್ತಿ ಹಿಡಿದು ಮುಂದಕ್ಕೆ ತಳ್ಳಿದರೆ ಕೊಕ್ಕೆಗಳು ಮುಂದಿನ ಬುಷ್ ಕಚ್ಚುತ್ತವೆ. ಆಮೇಲೆ ಹಿಂಭಾಗ ಇಳಿಸಿ, ಚಿಲಕ ತಿರುಗಿಸಿ, ಪಿನ್ನು ಹಾಕಬೇಕು. ಪಿನ್ನು ಬೇಕೇ ಬೇಕು. ಚಿಲಕದ ಸ್ಪ್ರಿಂಗ್ ಒಂದು ದಿನ ಸೋತರೂ ಪಿನ್ನು ಹಿಡಿದಿರುತ್ತದೆ.

ನನಗೆ ಜಾಸ್ತಿ ದಿನ ಹಿಡಿದದ್ದು ಸಡಿಲ ಎಷ್ಟಿರಬೇಕು ಅನ್ನುವುದಕ್ಕೆ. ಮೊದಲು ನಮ್ಮ ಕೆಲಸದ ಅಭ್ಯಾಸದಂತೆ ಬಿಗಿಯಾಗಿ ಮಾಡಿದೆ. ಶೆಡ್ಡಿನಲ್ಲಿ ಚೆಂದ ಕೂತಿತು. ಖಾನಾಪುರದ ಕೆಂಪು ಕೆಸರಿನಲ್ಲಿ ಒಂದು ಸಲ ಹೋಗಿ ಬಂದ ಮೇಲೆ ಕೊಕ್ಕೆ ಬಿಡಲೇ ಇಲ್ಲ, ರಬ್ಬರ್ ಸುತ್ತಿಗೆಯಿಂದ ಹೊಡೆದು ತೆಗೆದೆ. ಎರಡನೇ ಸಲ ಒಂದು ಮಿಲಿಮೀಟರ್ ಬಿಟ್ಟೆ. ಗಡಗಡ ಸದ್ದು. ಒಂದೇ ತಿಂಗಳಿಗೆ ತೋಡಿನ ಅಂಚು ಸವೆದು ಹೊಳೆಯತೊಡಗಿತು. ಮೂರನೇ ಸಲ ಅರ್ಧ ಮಿಲಿಮೀಟರ್ ಬಿಟ್ಟು, ಕೆಳಗೆ ದಪ್ಪ ರಬ್ಬರ್ ವಾಷರ್ ಕೊಟ್ಟೆ. ಚಿಲಕ ಬಿಗಿಯುವಾಗ ರಬ್ಬರ್ ಅಮುಕಿ ಸಡಿಲ ಪೂರ್ತಿ ಹೋಗುತ್ತದೆ, ತೆಗೆಯುವಾಗ ಅದೇ ರಬ್ಬರ್ ಡಿಕ್ಕಿಯನ್ನು ಮೇಲೆ ತಳ್ಳುತ್ತದೆ. ಇವತ್ತಿಗೂ ಅದೇ ಇದೆ. ವಾಷರ್ ಮಾತ್ರ ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಸರಿಯಾಗಿ ಕೂತಿದೆಯಾ ಅಂತ ನೋಡುವುದು ಸುಲಭ. ಡಿಕ್ಕಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸಿ. ಇಡೀ ಬೈಕ್ ಅಲುಗಾಡಬೇಕು. ಡಿಕ್ಕಿ ಒಂದೇ ಅಲುಗಾಡಿದರೆ ಹೊರಡಬೇಡಿ.

ಇನ್ನು ವೈರು. ಡಿಕ್ಕಿಯಲ್ಲಿ ಬ್ರೇಕ್ ಲೈಟ್ ಇದ್ದರೆ ಸೀಟಿನ ಕೆಳಗೆ ನೀರು ಹೋಗದ ಕನೆಕ್ಟರ್ ಹಾಕಿ. ಬೈಕಿನ ಕಡೆ, ಅಂದರೆ ಕರೆಂಟ್ ಬರುವ ಕಡೆ, ತೂತಿನ ಭಾಗ ಇರಬೇಕು. ಕಡ್ಡಿ ಇರುವ ಭಾಗ ಡಿಕ್ಕಿಯ ಕಡೆ ಇರಬೇಕು. ಉಲ್ಟಾ ಹಾಕಿದರೆ ಡಿಕ್ಕಿ ತೆಗೆದ ದಿನ ಕರೆಂಟ್ ಇರುವ ಕಡ್ಡಿ ಬರಿದಾಗಿ ಚಾಸಿಗೆ ತಾಗುತ್ತದೆ, ಫ್ಯೂಸ್ ಹೋಗುತ್ತದೆ, ಫ್ಯೂಸ್ ಇಲ್ಲದಿದ್ದರೆ ವೈರೇ ಸುಡುತ್ತದೆ. ತೆಗೆದಾಗ ಮುಚ್ಚಲು ಒಂದು ಕ್ಯಾಪ್ ಇರಲಿ. ಬಹಳ ಮಂದಿ ವೈರ್ ಕತ್ತರಿಸಿ ಟೇಪ್ ಸುತ್ತಿರುತ್ತಾರೆ. ಮಳೆಗಾಲದಲ್ಲಿ ಆ ಟೇಪ್ ಬಿಚ್ಚಿ ನೋಡಿ, ತಾಮ್ರ ಹಸಿರಾಗಿರುತ್ತದೆ.

ಕಾನೂನಿನ ಮಾತೂ ಇದೆ. ಕೇಂದ್ರ ಸಾರಿಗೆ ಸಚಿವಾಲಯ 2020ರಲ್ಲಿ ಮೋಟಾರ್ ವಾಹನ ನಿಯಮಕ್ಕೆ ತಂದ ತಿದ್ದುಪಡಿಯಲ್ಲಿ ಬೈಕಿನ ಡಿಕ್ಕಿಗೆ ಅಳತೆ ಹೇಳಿದೆ. ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ದಾಟಬಾರದು. ಹಿಂದೆ ಕೂರುವವರ ಜಾಗದಲ್ಲಿ ಡಿಕ್ಕಿ ಇಟ್ಟರೆ ಓಡಿಸುವವರು ಒಬ್ಬರೇ ಹೋಗಬೇಕು. ಆ ಜಾಗದ ಹಿಂದೆ ಇಟ್ಟರೆ ಇಬ್ಬರು ಹೋಗಬಹುದು. ಯಾವುದೇ ಇರಲಿ, ಒಟ್ಟು ಭಾರ ಬೈಕ್ ಕಂಪನಿ ಹೇಳಿದ ಮಿತಿ ಮೀರಬಾರದು. ಟೇಪು ಹಿಡಿದು ಒಮ್ಮೆ ಅಳೆದು ನೋಡಿ. ಊರಲ್ಲಿ ಮಾಡಿಸಿದ ಕೆಲವು ತಗಡಿನ ಡಿಕ್ಕಿಗಳು ಅಗಲದಲ್ಲಿ ಮೀರುತ್ತವೆ. ನಂಬರ್ ಪ್ಲೇಟ್ ಮತ್ತು ಹಿಂದಿನ ಕೆಂಪು ದೀಪ ಬೈಕಿನ ಮೇಲೇ ಇರಬೇಕು. ಕೆಲವರು ನಂಬರ್ ಪ್ಲೇಟನ್ನೇ ಡಿಕ್ಕಿಗೆ ಹೊಡೆದಿರುತ್ತಾರೆ. ಡಿಕ್ಕಿ ಮನೆಯಲ್ಲಿಟ್ಟ ದಿನ ಅವರ ಬೈಕಿಗೆ ನಂಬರೇ ಇಲ್ಲ.

ಡಿಕ್ಕಿ ತೆಗೆದಾಗ ಹೆಂಡತಿಗೆ ಒರಗಲು ಇಲ್ಲವಾಯಿತು. ಅದಕ್ಕೆ ಅದೇ ನಾಲ್ಕು ಬುಷ್ ಮೇಲೆ ಕೂರುವ ಒರಗುದಿಂಬು ಮಾಡಿದೆ, ಒಂದೂವರೆ ಕಿಲೋ. ಊರೊಳಗೆ ಇಬ್ಬರೇ ಹೋಗುವಾಗ ಅದು. ದೂರ ಹೋಗುವಾಗ ಡಿಕ್ಕಿ. ಅಪ್ಪ ಬರುವಾಗ ಎರಡೂ ಇಲ್ಲ, ಸೀಟು ಬಯಲು. ಗಣಪತಿ ಗಲ್ಲಿಯ ಸಂತೆ ಗದ್ದಲದಲ್ಲಿ ಡಿಕ್ಕಿ ಇಲ್ಲದ ಬೈಕ್ ತಿರುಗಿಸುವ ಸುಖ ಏನು ಅಂತ ಓಡಿಸಿದವರಿಗೇ ಗೊತ್ತು. ಆಮೇಲೊಮ್ಮೆ ಬಾದಾಮಿಯಲ್ಲಿ ಲಾಡ್ಜಿನ ಕೋಣೆಗೆ ಇಡೀ ಡಿಕ್ಕಿಯನ್ನೇ ಸೂಟ್‌ಕೇಸಿನ ಹಾಗೆ ಎತ್ತಿಕೊಂಡು ಹೋದೆವು. ರಾತ್ರಿ ಸಾಮಾನು ಏನಾಯಿತೋ ಅನ್ನುವ ಚಿಂತೆ ಇರಲಿಲ್ಲ.

ಆರು ತಿಂಗಳಿಗೊಮ್ಮೆ ಬ್ರಾಕೆಟ್ ಪರೀಕ್ಷೆ ಮಾಡುತ್ತೇನೆ. ನಮ್ಮ ಫೌಂಡ್ರಿಗಳಲ್ಲಿ ಎರಕದ ಬಿರುಕು ನೋಡಲು ಬಳಸುವ ಬಣ್ಣದ ಸ್ಪ್ರೇ ಇದೆಯಲ್ಲ, ಅದೇ. ಮೊದಲು ಜಾಗ ಒರೆಸಿ ಕೆಂಪು ಬಣ್ಣ ಹೊಡೆಯಬೇಕು. ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಬೇಕು. ಆಮೇಲೆ ಬಿಳಿ ಪುಡಿಯ ಸ್ಪ್ರೇ. ಬಿರುಕು ಇದ್ದರೆ ಒಳಗೆ ಇಳಿದ ಕೆಂಪು ಬಣ್ಣ ಬಿಳಿಯ ಮೇಲೆ ಕೂದಲೆಳೆಯ ಹಾಗೆ ಮೂಡುತ್ತದೆ. ಕಣ್ಣಿಗೆ ಏನೂ ಕಾಣದ ಬ್ರಾಕೆಟ್ ಮೇಲೆ ಆ ಕೆಂಪು ಎಳೆ ನಿಧಾನವಾಗಿ ಮೂಡುವುದನ್ನು ಒಮ್ಮೆ ನೋಡಿದರೆ ಯಾರೂ ವೆಲ್ಡಿಂಗನ್ನು ಕಣ್ಣು ಮುಚ್ಚಿ ನಂಬುವುದಿಲ್ಲ. ಗಿರಾಕಿಯೊಬ್ಬರ ಹಳೆ ಕ್ಯಾರಿಯರಿನಲ್ಲಿ ನಾನು ಹೀಗೆ ಎರಡು ಎಳೆ ಕಂಡೆ. ಅವರು ಮರುದಿನ ಸವದತ್ತಿಗೆ ಹೊರಟಿದ್ದರು. ಕ್ಯಾರಿಯರ್ ಬಿಚ್ಚಿಸಿ, ಬರಿ ಚೀಲದೊಂದಿಗೆ ಕಳಿಸಿದೆ.

ನನ್ನ ಕೋರಿಕೆ ಮೂರು ಕಡೆಗೆ. ಟೂರಿಂಗ್ ಅಂತ ಹೆಸರಿಟ್ಟು ಮಾರುವ ಕಂಪನಿಗಳು ಡಿಕ್ಕಿ ಕೂರಲು ಗಟ್ಟಿ ಬಿಂದುಗಳನ್ನು ಬೈಕಿನ ಜೊತೆಗೇ ಕೊಡಲಿ, ಎಷ್ಟು ಕಿಲೋ ಅಂತ ಅಲ್ಲೇ ಕನ್ನಡದಲ್ಲಿ ಅಂಟಿಸಲಿ. ಡಿಕ್ಕಿ ಕೂರಿಸುವ ಅಂಗಡಿಯವರು ಚಾಸಿಗೆ ವೆಲ್ಡಿಂಗ್ ಮಾಡುವುದನ್ನು ನಿಲ್ಲಿಸಲಿ. ಗಿರಾಕಿ "ಸುಮ್ನೆ ಒಂದು ಟಾಕಿ ಹೊಡೀರಿ" ಅಂದರೂ ಬೇಡ ಅನ್ನಲಿ. ಮೂರನೆಯದು ನಮ್ಮ ಉದ್ಯಮಬಾಗ್, ಮಚ್ಛೆ ಕಡೆಯ ಲೇತ್ ಗೆಳೆಯರಿಗೆ. ಪಂಪು, ಹೈಡ್ರಾಲಿಕ್ಸ್, ಎರಕ, ಎಲ್ಲ ಮಾಡುವ ಊರು ನಮ್ಮದು. ನಾಲ್ಕು ಬುಷ್, ಎರಡು ಚಿಲಕ ನಮಗೆ ಅರ್ಧ ದಿನದ ಕೆಲಸ. ಜಾಗ್ರತೆಯಿಂದ ಮಾಡಿಕೊಟ್ಟರೆ ಬೆಳಗಾವಿಯ ಬೈಕುಗಳಲ್ಲಿ ಮುರಿದ ಡಿಕ್ಕಿ ಕಾಣುವುದಿಲ್ಲ.

ನನ್ನ ಅಳತೆಯ ಚಿತ್ರ ಶೆಡ್ಡಿನ ಗೋಡೆಗೆ ಹಚ್ಚಿದ್ದೇನೆ. ಯಾರು ಬೇಕಾದರೂ ಬಂದು ಬರೆದುಕೊಳ್ಳಬಹುದು, ಫೋಟೋ ಹೊಡೆದುಕೊಳ್ಳಬಹುದು, ದುಡ್ಡು ಬೇಡ. ಬೈಕ್ ತರುವವರು ಡಿಕ್ಕಿ ಖಾಲಿ ಮಾಡಿ ತನ್ನಿ. ಬಂದ ಕೂಡಲೇ ನಾನು ಮೊದಲು ಅದನ್ನು ಅಲುಗಾಡಿಸಿ ನೋಡುತ್ತೇನೆ.

ಇಂತಿ ನಿಮ್ಮ ಓದುಗ,
ಲೇತ್ ಕೆಲಸಗಾರ, ಉದ್ಯಮಬಾಗ್, ಬೆಳಗಾವಿ